ಹೂವಿನ ಜಾಗದಲ್ಲಿ ಮರಿ: ಎರಡು ಸನ್‌ಡ್ಯೂ ಕುಂಡಗಳ ಪ್ರಕರಣ

ಹೋದ ವರ್ಷ ಜೂನ್‌ನಲ್ಲಿ ನನ್ನ ಬಾಲ್ಕನಿಯ, ಹುಳ ಹಿಡಿದು ತಿನ್ನುವ ಎರಡು ಸನ್‌ಡ್ಯೂ ಗಿಡಗಳು ಎಂದಿನಂತೆ ಬೆಳೆಯುವುದನ್ನು ಬಿಟ್ಟವು. ಒಂದನ್ನು ಕಂಡು ಹಿಗ್ಗಿ, ಫೋಟೊ ತೆಗೆದು ಗೊತ್ತಿದ್ದವರಿಗೆಲ್ಲ ಕಳಿಸಿದೆ. ಇನ್ನೊಂದನ್ನು ಕಂಡು ಹೆದರಿ ಕತ್ತರಿ ಹುಡುಕಿದೆ. ವಾರ ಕಳೆಯುವಷ್ಟರಲ್ಲಿ ಗೊತ್ತಾಯಿತು: ಹಿಗ್ಗಬೇಕಾದಲ್ಲಿ ಹೆದರಿದ್ದೆ, ಹೆದರಬೇಕಾದಲ್ಲಿ ಹಿಗ್ಗಿದ್ದೆ. ನೋಟ್‌ಬುಕ್ಕಿನಲ್ಲಿ ಗೀಚಿಟ್ಟ ತಾರೀಖುಗಳನ್ನು ಮುಂದಿಟ್ಟುಕೊಂಡು ಆ ಎರಡು ಕುಂಡಗಳ ಕಥೆಯನ್ನು ಬರೆಯುತ್ತಿದ್ದೇನೆ.

ಕುಂಡಗಳ ಜಾತಕ

ಗಿಡದ ಹೆಸರು ಡ್ರೊಸೆರಾ ಕೇಪೆನ್ಸಿಸ್. ಮೂಲ ದಕ್ಷಿಣ ಆಫ್ರಿಕಾದ ಕೇಪ್ ಸೀಮೆ. ರಿಬ್ಬನ್ನಿನಂಥ ಎಲೆ. ಎಲೆಯ ಮುಂಭಾಗದ ತುಂಬ ಕೆಂಪು ರೋಮಗಳು, ಒಂದೊಂದರ ತುದಿಗೂ ಇಬ್ಬನಿಯಂತೆ ಹೊಳೆಯುವ ಅಂಟಿನ ಹನಿ. ಸೊಳ್ಳೆಯೋ ಹಣ್ಣುನೊಣವೋ ಬಂದು ಕೂತರೆ ರೋಮಗಳು ಬಾಗಿ ಅದುಮುತ್ತವೆ. ಆಮೇಲೆ ಎಲೆಯೇ ನಿಧಾನವಾಗಿ ಅದರ ಮೇಲೆ ಮಡಚಿಕೊಳ್ಳುತ್ತದೆ. ಗಿಡ ತನ್ನ ಸಕ್ಕರೆಯನ್ನು ಬಿಸಿಲಿನಲ್ಲಿ ತಾನೇ ಮಾಡಿಕೊಳ್ಳುತ್ತದೆ. ಹುಳ ಬೇಕಾಗಿರುವುದು ಸಾರಜನಕ, ರಂಜಕಕ್ಕಾಗಿ, ಅಂದರೆ ಗೊಬ್ಬರದ ಬದಲಿಗೆ.

ನನಗೆ ಈ ಹುಚ್ಚು ಹಿಡಿದದ್ದು ಊರಿನಿಂದ. ಪುತ್ತೂರಿನ ಕಡೆಯ ಮುರಕಲ್ಲಿನ ಪದವಿನಲ್ಲಿ, ಅಂದರೆ ಕಲ್ಲುಹಾಸಿನ ಬಯಲುಗುಡ್ಡದಲ್ಲಿ, ಮಳೆ ಇಳಿಮುಖವಾಗುವ ಹೊತ್ತಿಗೆ ನಮ್ಮದೇ ಸನ್‌ಡ್ಯೂಗಳು ಕಾಣುತ್ತವೆ. ನಾಣ್ಯದಷ್ಟಗಲ ನೆಲಕ್ಕಂಟಿ ಕೂರುವ ಡ್ರೊಸೆರಾ ಬರ್ಮಾನಿ ಒಂದು, ದಾರದಂಥ ಎಲೆಗಳನ್ನು ಎತ್ತಿ ನಿಲ್ಲುವ ಡ್ರೊಸೆರಾ ಇಂಡಿಕಾ ಇನ್ನೊಂದು. ಎರಡೂ ಒಂದು ಮಳೆಗಾಲದ ಬಾಳು. ಕಲ್ಲು ಒಣಗಿದರೆ ಗಿಡ ಸಾಯುತ್ತದೆ, ಬೀಜ ಉಳಿಯುತ್ತದೆ. ಕಿತ್ತು ತಂದು ಕುಂಡದಲ್ಲಿಟ್ಟರೆ ಎರಡು ತಿಂಗಳೂ ಬಾಳುವುದಿಲ್ಲ, ಪದವಿನಲ್ಲಿ ಉದುರಬೇಕಿದ್ದ ಬೀಜವೂ ಹೋಯಿತು. ಹೈಸ್ಕೂಲಿನಲ್ಲಿ ಆ ಪಾಪ ಒಮ್ಮೆ ಮಾಡಿದ್ದೇನೆ. ಬೆಂಗಳೂರಿಗೆ ಬಂದ ಮೇಲೆ ವರ್ಷಪೂರ್ತಿ ಬಾಳುವ, ಸಾಕಿದವರಿಂದಲೇ ಸಿಗುವ ಕೇಪೆನ್ಸಿಸ್‌ಗೆ ಬಂದೆ.

ಒಂದೇ ಗಿಡದ ಬೀಜದಿಂದ ಎಬ್ಬಿಸಿದ ನಾಲ್ಕು ಸಸಿ, ನಾಲ್ಕು ಕುಂಡ. ಎರಡನೇ ಮಹಡಿ, ಪೂರ್ವದ ಬಾಲ್ಕನಿ, ಬೆಳಗಿನ ಹೊತ್ತು ನಾಲ್ಕು ತಾಸು ನೇರ ಬಿಸಿಲು. ಮಿಶ್ರಣಕ್ಕೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಎರಡು ಪಾಲು, ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಒಂದು ಪಾಲು. ಕೋಕೋಪೀಟಿನಲ್ಲಿ ಉಪ್ಪಿರುತ್ತದೆ. ಐದು ಸಲ ತೊಳೆದು, ಹಿಂಡಿದ ನೀರಿನ ಟಿಡಿಎಸ್, ಅಂದರೆ ಅದರಲ್ಲಿ ಕರಗಿದ ಲವಣಗಳ ಅಳತೆ, 50ಕ್ಕಿಂತ ಕೆಳಗೆ ಬಂದ ಮೇಲಷ್ಟೇ ಕುಂಡಕ್ಕೆ ತುಂಬಿದೆ. 'ಬಫರ್ಡ್' ಎಂದು ಬರೆದಿರುವ ಚೀಲ ತರಬೇಡಿ. ಅದನ್ನು ಕ್ಯಾಲ್ಸಿಯಂ ನೈಟ್ರೇಟಿನಲ್ಲಿ ಅದ್ದಿರುತ್ತಾರೆ. ಟೊಮೆಟೊಗೆ ಅದು ಒಳ್ಳೆಯದೇ, ಸನ್‌ಡ್ಯೂ ಬೇರು ಮಾತ್ರ ಸುಟ್ಟುಹೋಗುತ್ತದೆ. ನಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ ನೀರು ಮೀಟರಿನಲ್ಲಿ 600ರ ಮೇಲೆ ತೋರಿಸುತ್ತದೆ, ಆದ್ದರಿಂದ ಆರ್‌ಒ ನೀರು ಅಥವಾ ಟೆರೇಸಿನಲ್ಲಿ ಹಿಡಿದ ಮಳೆನೀರು. ಕುಂಡಗಳೆಲ್ಲ ಒಂದೇ ಟ್ರೇಯಲ್ಲಿ, ಟ್ರೇಯಲ್ಲಿ ಸದಾ ಒಂದು ಬೆರಳು ನೀರು.

ಎರಡು ಮತ್ತು ನಾಲ್ಕನೇ ಕುಂಡಗಳಿಗೆ ವಾರಕ್ಕೊಮ್ಮೆ ಪುಡಿ ಮಾಡಿದ ಮೀನಿನ ಆಹಾರವನ್ನು ಎಲೆಯ ಮೇಲೆ ಒಂದು ಚಿಟಿಕೆ ಉದುರಿಸುತ್ತಿದ್ದೆ. ಒಂದು ಮತ್ತು ಮೂರನೆಯದಕ್ಕೆ ಏನೂ ಕೊಡುತ್ತಿರಲಿಲ್ಲ, ತಾವಾಗಿ ಹಿಡಿದದ್ದಷ್ಟೇ. ಹೀಗೆ ಭೇದ ಮಾಡಿದ್ದಕ್ಕೆ ಕಾರಣ ಬರೀ ಕುತೂಹಲ. ಆಮೇಲೆ ಅದೇ ಉಪಕಾರಕ್ಕೆ ಬಂತು.

ಕೋಳಿಜುಟ್ಟಿನ ಭ್ರಮೆ

ಜೂನ್ 4ರ ಟಿಪ್ಪಣಿ: "ಮೂರನೇ ಕುಂಡ, ಸುಳಿ ದಪ್ಪಗಾಗಿದೆ, ಹೊಸ ಎಲೆಗಳು ಗಿಡ್ಡ." ಜೂನ್ 9: "ಎಲೆಗಳು ತಿರುಚಿಕೊಂಡಿವೆ, ಐದಾರು ಒಟ್ಟಿಗೆ ಹೆಣೆದ ಹಾಗೆ. ಎರಡು ಸುಳಿ ಇರಬಹುದೇ?" ಕೊನೆಯ ಪ್ರಶ್ನೆಯ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಆ ಗೆರೆಗಳನ್ನು ಈಗ ನೋಡಿದರೆ ನಾಚಿಕೆಯಾಗುತ್ತದೆ.

ಬೆಳೆಯುವ ತುದಿ ಒಂದು ಬಿಂದುವಾಗಿ ಉಳಿಯದೆ ಗೆರೆಯಾಗಿ ಹರಡಿ, ಗಿಡ ಚಪ್ಪಟೆಯಾಗಿ ಬೀಸಣಿಗೆಯಂತೆ ಬೆಳೆಯುವುದುಂಟು. ಅಂಗಳದ ಕೋಳಿಜುಟ್ಟಿನ ಹೂವಿನ ಆ ಮಡಿಕೆ ಮಡಿಕೆಯ ಚಂದಕ್ಕೆ ಅದೇ ಕಾರಣ. ಕಳ್ಳಿ ಸಾಕುವವರು ಇಂಥ ಜುಟ್ಟುಬಿಟ್ಟ ಗಿಡಕ್ಕೆ ಹೆಚ್ಚು ಹಣ ಕೊಡುತ್ತಾರೆ. ನನ್ನ ಸನ್‌ಡ್ಯೂಗೂ ಜುಟ್ಟು ಬಂತೆಂದು ನಂಬಿಬಿಟ್ಟೆ. ನಂಬಿದ ಮೇಲೆ ಕಂಡದ್ದೆಲ್ಲ ಅದಕ್ಕೆ ಸಾಕ್ಷಿ. ಹೊಸ ಎಲೆಗಳಲ್ಲಿ ಅಂಟಿನ ಹನಿ ಇಲ್ಲ, ಅದಕ್ಕೇನು, ಮೋಡ ಮುಚ್ಚಿದೆ. ಸುಳಿಯ ಬುಡದಲ್ಲಿ ಬಿಳಿ ಪುಡಿ ಉದುರಿದೆ, ಪರ್ಲೈಟ್ ಇರಬೇಕು. ಹಳೆಯ ಎಲೆಗೆ ರೆಕ್ಕೆಯ ಎರಡು ಹಸಿರು ಹುಳ ಅಂಟಿ ಸತ್ತಿವೆ, ಒಳ್ಳೆಯದೇ, ಊಟ ಸಿಕ್ಕಿತು.

ಈ ಮೂರೂ ಸುಳಿವುಗಳು ಕಣ್ಣೆದುರಿಗೇ ಇದ್ದವು.

ಕತ್ತರಿ

ಎರಡನೇ ಕುಂಡದ್ದು ಬೇರೆ ಕಥೆ. ಮೀನಿನ ಆಹಾರದ ಪುಡಿ ತಿಂದು ಕೊಬ್ಬಿದ್ದ ಆ ಗಿಡ ಮೇ ತಿಂಗಳಲ್ಲಿ ಒಂದರ ಹಿಂದೊಂದು ಮೂರು ಹೂದಂಟು ಎತ್ತಿತು. ಕೇಪೆನ್ಸಿಸ್‌ನ ಹೂದಂಟು ಜರಿಗಿಡದ ಚಿಗುರಿನಂತೆ ತುದಿ ಸುರುಳಿಯಾಗಿ ಮೇಲೇಳುತ್ತದೆ. ಸುರುಳಿ ಬಿಚ್ಚಿಕೊಂಡ ಹಾಗೆ ದಿನಕ್ಕೊಂದು ನಸುಗೆಂಪು ಹೂ ಬೆಳಗ್ಗೆ ಅರಳಿ ಮಧ್ಯಾಹ್ನ ಮುಚ್ಚುತ್ತದೆ. ದುಂಬಿ ಬೇಕಿಲ್ಲ, ಮುಚ್ಚುವಾಗ ತನ್ನ ಪರಾಗ ತಾನೇ ಒರೆಸಿಕೊಳ್ಳುತ್ತದೆ. ಮೊದಲ ಎರಡು ದಂಟು ಹೀಗೇ ಹೂಬಿಟ್ಟು ನಶ್ಯದಂಥ ಬೀಜ ಕೊಟ್ಟವು.

ಮೂರನೆಯ ದಂಟು ಒಂದು ಗೇಣು ಬೆಳೆದು ನಿಂತಿತು. ಮೊಗ್ಗು ಬಂದವು, ಅರಳಲಿಲ್ಲ. ಜೂನ್ 12ರ ಹೊತ್ತಿಗೆ ಮೂರು ಮೊಗ್ಗುಗಳ ಜಾಗದಲ್ಲಿ ಹಸಿರು ಕುಚ್ಚು. ಹೂವಿರಬೇಕಾದಲ್ಲಿ ಎಲೆ.

ಆಫೀಸಿನಲ್ಲಿ ಎದುರು ಕೂರುವ ಗೆಳತಿಯ ಅಪ್ಪ ಎಳ್ಳು ಬೆಳೆಯುವವರು. ಎಳ್ಳಿಗೆ ಒಂದು ರೋಗ ಬರುತ್ತದೆ, ಹೂಗಳೆಲ್ಲ ಸಣ್ಣ ಎಲೆಗಳ ಗೊಂಚಲಾಗಿಬಿಡುತ್ತವೆ, ಕಾಯಿ ಕಟ್ಟುವುದಿಲ್ಲ. ಬದನೆಗೆ ಬರುವ ಕಿರುಎಲೆ ರೋಗವೂ ಅದೇ ಬಳಗದ್ದು. ಫೈಟೊಪ್ಲಾಸ್ಮಾ ಎಂಬ, ಕೋಶಭಿತ್ತಿಯೇ ಇಲ್ಲದ ಬ್ಯಾಕ್ಟೀರಿಯಾ ಗಿಡದ ಆಹಾರನಾಳದಲ್ಲಿ ಸೇರಿಕೊಳ್ಳುತ್ತದೆ. ಒಂದು ಗಿಡದಿಂದ ಇನ್ನೊಂದಕ್ಕೆ ಹೊತ್ತೊಯ್ಯುವುದು ಜಿಗಿಹುಳು. ಹತ್ತಿದ ಗಿಡಕ್ಕೆ ಔಷಧಿಯಿಲ್ಲ, ಕಿತ್ತು ಸುಡಬೇಕು. ಗೆಳತಿ ಫೋಟೊ ನೋಡಿದವಳೇ "ನಮ್ಮ ಎಳ್ಳಿನಂಗೇ ಆಗೇತಲ್ಲೇ" ಎಂದಳು. ಒಂದೇ ಟ್ರೇಯ ನೀರು ಕುಡಿಯುವ ನಾಲ್ಕು ಕುಂಡಗಳು ನೆನಪಾದವು. ಆ ಸಂಜೆ ಕತ್ತರಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿಟ್ಟೆ. ಅಮ್ಮ ಮರುದಿನ ಬೆಳಗ್ಗೆ ಬಸ್ಸಿಳಿಯುವವಳಿದ್ದಳು, ಮನೆ ಗುಡಿಸುವ ಕೆಲಸವಿತ್ತು. ಹಾಗಾಗಿ ಕತ್ತರಿಸಲಿಲ್ಲ, ಅಷ್ಟೇ. ಇದರಲ್ಲಿ ನನ್ನ ಜಾಣತನ ಏನೂ ಇಲ್ಲ.

ಅಮ್ಮ ಮಗುಚಿ ನೋಡಿದಳು

ಕಾಫಿ ಕುಡಿಯುತ್ತ ಬಾಲ್ಕನಿಗೆ ಬಂದ ಅಮ್ಮನಿಗೆ ಮೊದಲು ಮೂರನೇ ಕುಂಡವನ್ನೇ ತೋರಿಸಿದೆ. ಹೆಮ್ಮೆ.

"ಎಂತ ಮಾರಾಯ್ತಿ ಇದು, ಮುಟುರು ಬಂದ ಮೆಣಸಿನ ಗಿಡದ ಹಾಗೆ! ಅಡಿ ತಿರುಗಿಸಿ ನೋಡಿದ್ದೀಯಾ?"

"ಇದು ಹುಳ ತಿನ್ನುವ ಗಿಡ ಅಮ್ಮ, ಇದಕ್ಕೆ ಹುಳ ಬರುವುದಿಲ್ಲ."

"ಅಲಸಂಡೆಗೂ ಹೀಗೇ ಆಗುವುದು. ಅಡಿ ನೋಡು."

ಒಂದು ಎಲೆಯನ್ನು ಮಗುಚಿ ಹತ್ತು ಪಟ್ಟಿನ ಲೆನ್ಸ್ ಹಿಡಿದೆ. ಸಸ್ಯಹೇನು. ಎಲೆಯ ಬಣ್ಣವೇ ಮೈಯ ಬಣ್ಣ, ಸುಳಿಯ ಸಂದಿನಲ್ಲಿ ಒತ್ತೊತ್ತಾಗಿ ಕೂತು ರಸ ಹೀರುತ್ತಿದ್ದವು. ಪರ್ಲೈಟ್ ಎಂದುಕೊಂಡ ಬಿಳಿ ಪುಡಿ ಅವು ಕಳಚಿದ ಪೊರೆ. ಎಲೆಗೆ ಅಂಟಿ ಸತ್ತ ರೆಕ್ಕೆಹುಳಗಳು ಈ ಸಂಸಾರವನ್ನು ಹೊತ್ತು ತಂದ ತಾಯಂದಿರೋ ಅವರ ಜೊತೆಗಾರರೋ ಇರಬೇಕು.

ಹುಳ ತಿನ್ನುವ ಗಿಡವನ್ನು ಹುಳ ತಿನ್ನುವುದು ತಮಾಷೆ ಅನ್ನಿಸಬಹುದು, ಆದರೆ ಗಿಡದ ರಚನೆ ನೋಡಿದರೆ ಸಹಜವೇ. ಅಂಟು ಇರುವುದು ಎಲೆಯ ಮುಂಭಾಗದ ಮೇಲ್ಮೈಯಲ್ಲಿ. ಎಲೆತೊಟ್ಟು, ಎಲೆಯ ಹಿಂಬದಿ, ಸುಳಿಯ ಬುಡ, ಹೂದಂಟು, ಇಲ್ಲೆಲ್ಲ ಬಲೆಯಿಲ್ಲ. ಹೇನು ನಡೆಯುವುದೇ ಕಡಿಮೆ, ಕೂತಲ್ಲೇ ಮರಿ ಹಾಕುತ್ತದೆ. ಯುರೋಪಿನಲ್ಲಿ ಒಂದು ಪುಟ್ಟ ಗರಿರೆಕ್ಕೆಯ ಪತಂಗವಿದೆ, ಅದರ ಕಂಬಳಿಹುಳು ಸನ್‌ಡ್ಯೂ ಎಲೆಯನ್ನೇ ತಿಂದು ಬೆಳೆಯುತ್ತದೆ. ಬಲೆ ಹಾಕಿದವನ ಮನೆಯಲ್ಲೂ ಬಲೆಯಿಲ್ಲದ ಮೂಲೆ ಇದ್ದೇ ಇರುತ್ತದೆ. ಎಳೆಯ ಎಲೆ ಇನ್ನೂ ಸುರುಳಿಯಲ್ಲಿರುವಾಗಲೇ ರಸ ಹೀರಿದರೆ ಒಂದು ಬದಿ ಬೆಳೆದು ಇನ್ನೊಂದು ಬದಿ ಬೆಳೆಯುವುದಿಲ್ಲ, ತಿರುಚಿಕೊಳ್ಳುತ್ತದೆ. ನಾನು ಕಂಡ ಜುಟ್ಟು ಅದು.

ಬೇವಿನೆಣ್ಣೆ ಸೋಪು ಹೊಡೆಯೋಣ ಎಂದಳು ಅಮ್ಮ. ಅಲಸಂಡೆಗೆ ಅದು ಸರಿ, ಇಲ್ಲಿ ಎಣ್ಣೆಯೂ ಸೋಪೂ ಎಲೆಯ ಅಂಟನ್ನು ಹಾಳುಮಾಡುತ್ತವೆ. ಸನ್‌ಡ್ಯೂ ಸಾಕುವವರು ಮಾಡುವುದು ಸರಳ: ಮುಳುಗಿಸುವುದು. ಸನ್‌ಡ್ಯೂ ಒಂದೆರಡು ದಿನ ನೀರಿನಡಿ ಬದುಕುತ್ತದೆ, ಹೇನು ಉಸಿರುಕಟ್ಟಿ ಸಾಯುತ್ತದೆ. ಬಕೆಟ್ಟಿನಲ್ಲಿ ಮಳೆನೀರು ತುಂಬಿ, ಮಣ್ಣು ತೇಲದಂತೆ ಮೇಲೆ ಬಟ್ಟೆ ಸುತ್ತಿ, ಕುಂಡ ಸಮೇತ 36 ಗಂಟೆ ಮುಳುಗಿಸಿಟ್ಟೆ. ಎಂಟು ದಿನ ಬಿಟ್ಟು ಇನ್ನೊಮ್ಮೆ. ಉಳಿದ ಮೂರು ಕುಂಡಗಳ ಎಲೆಗಳನ್ನೂ ಮಗುಚಿ ನೋಡಿದೆ, ನಾಲ್ಕನೆಯದರಲ್ಲಿ ಐದಾರು ಸಿಕ್ಕವು, ಅದೂ ಬಕೆಟ್ಟಿಗೆ. ಎರಡನೆಯದರಲ್ಲಿ ಒಂದೂ ಇರಲಿಲ್ಲ. ಈ ಮಾತು ಮುಂದೆ ಬೇಕಾಗುತ್ತದೆ.

ಮೂರನೇ ಗಿಡ ತಿರುಚಿದ ಇನ್ನೂ ಎರಡು ಎಲೆ ಬಿಟ್ಟಿತು. ಅವು ಒಳಗೇ ಕೆಟ್ಟಿದ್ದವು. ಜುಲೈ 10ಕ್ಕೆ ಮೊದಲ ನೇರ ಎಲೆ, ಅದರ ತುಂಬ ಅಂಟಿನ ಹನಿ. ಆಗಸ್ಟಿನಲ್ಲಿ ನೋಡಿದರೆ ಸುಳಿ ನಿಜಕ್ಕೂ ಎರಡಾಗಿತ್ತು. ಪೆಟ್ಟುತಿಂದ ಸುಳಿಯ ಪಕ್ಕದಲ್ಲಿ ಇನ್ನೊಂದು ಕವಲೊಡೆದಿತ್ತು. ನನ್ನ ಎರಡು ಗೆರೆಗಳು ಹೀಗೆ ತಡವಾಗಿ, ತಪ್ಪು ಕಾರಣಕ್ಕೆ ಸರಿಯಾದವು.

ಕುಚ್ಚಿನೊಳಗೆ

ಎರಡನೇ ಕುಂಡದ ಮುಂದೆ ಅಮ್ಮ ಹೆಚ್ಚು ಹೊತ್ತು ನಿಲ್ಲಲಿಲ್ಲ. "ಇದು ಮರಿ. ಕತ್ತಾಳೆ ಕೋಲಿನಲ್ಲಿ ಮರಿ ಬರುವುದಿಲ್ವಾ? ಹಾಗೆ."

ಕತ್ತಾಳೆಯ ಕಂಬದ ಮೇಲೆ ಹೂವುದುರಿದ ಜಾಗದಲ್ಲಿ ಪುಟ್ಟ ಪುಟ್ಟ ಗಿಡಗಳು ಕೂರುವುದನ್ನು ನಾನೂ ನೋಡಿದ್ದೆ. ಕಾಡುಬಸಳೆಯ ಎಲೆಯಂಚಿನ ಮರಿಗಳನ್ನು ಶಾಲೆಯಲ್ಲಿ ಪುಸ್ತಕದೊಳಗಿಟ್ಟು ಬೆಳೆಸಿದ್ದೂ ಇದೆ. ಆದರೂ ಮೂರನೇ ಕುಂಡದಲ್ಲಿ ಮುಖಭಂಗವಾದ ಮೇಲೆ ಇಲ್ಲಿ ಅವಸರ ಮಾಡಲಿಲ್ಲ. ಲೆನ್ಸ್ ಹಿಡಿದು ಒಂದೊಂದಾಗಿ ಕೇಳಿಕೊಂಡೆ.

ಹೇನಿನ ಕೆಲಸವೇ? ದಂಟಿನಲ್ಲಿ ಪೊರೆಯಿಲ್ಲ, ಹುಳವಿಲ್ಲ, ಕುಚ್ಚಿನ ಎಲೆಗಳು ಚಿಕ್ಕವಾದರೂ ನೇರ. ಬಿಡಿ. ಎಡೆಬಿಡದ ಮಳೆಗೆ ಬೀಜವೇ ಕಾಯಿಯೊಳಗೆ ಮೊಳೆತಿರಬಹುದೇ? ಹಣ್ಣಾದ ಹಲಸಿನೊಳಗೆ ಬೀಜ ಮೊಳೆಯುವುದನ್ನು ಕಂಡವರಿಗೆ ಈ ಸಂಶಯ ಬಂದೇ ಬರುತ್ತದೆ. ಹಾಗಿದ್ದರೆ ಒಂದೇ ಕಾಯಿಯಿಂದ ಹಲವು ಸಸಿ ಹೊರಬರಬೇಕಿತ್ತು, ಪ್ರತಿ ಸಸಿಗೂ ಮೊದಲ ಜೋಡಿ ಬೀಜದಳ ಇರಬೇಕಿತ್ತು. ಇಲ್ಲಿ ಒಂದು ಮೊಗ್ಗಿನ ಜಾಗಕ್ಕೆ ಒಂದೇ ಕುಚ್ಚು, ಬೀಜದಳ ಇಲ್ಲವೇ ಇಲ್ಲ. ಮೇಲಾಗಿ ಆ ಮೊಗ್ಗುಗಳು ಅರಳಿಯೇ ಇರಲಿಲ್ಲ. ಇನ್ನು ಎಳ್ಳಿನ ರೋಗ. ಆ ರೋಗದಲ್ಲಿ ಹೂವಿನ ಭಾಗಗಳೇ ಎಲೆಯ ರೂಪಕ್ಕೆ ತಿರುಗುತ್ತವೆ: ದಳ ಹಸಿರಾಗುತ್ತದೆ, ಅಂಡಾಶಯ ಉದ್ದವಾಗುತ್ತದೆ. ನನ್ನ ಕುಚ್ಚಿನಲ್ಲಿ ಹೂವಿನ ಗುರುತೇ ಇರಲಿಲ್ಲ. ಅಕ್ಕಿಕಾಳಿನಷ್ಟು ಉದ್ದದ ಎಲೆಗಳು, ಮೇಲೆ ಕೆಂಪು ರೋಮ, ರೋಮದ ತುದಿಯಲ್ಲಿ ಹನಿ. ರೋಗ ಹಿಡಿದ ಹೂ ಎಲ್ಲಾದರೂ ಬೇಟೆಗೆ ಬಲೆ ಹಾಕುತ್ತದೆಯೇ? ಜೂನ್ 17ರಂದು ಆ ಬಲೆಯೊಂದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಸಿಕ್ಕಿಬಿದ್ದಿತ್ತು. ಕತ್ತರಿಯನ್ನು ಡ್ರಾಯರಿನಲ್ಲಿಟ್ಟೆ.

ಹೂವಿನ ಬದಲು, ಬೀಜವಿಲ್ಲದೆ, ತಾಯಿಯದೇ ಪಡಿಯಚ್ಚಾದ ಗಿಡ ದಂಟಿನ ಮೇಲೆ ಹುಟ್ಟುವುದಕ್ಕೆ ಸಸ್ಯಶಾಸ್ತ್ರದಲ್ಲಿ ಹುಸಿ ಜರಾಯುಜತೆ (ಮರಿ ಹೆತ್ತಂತೆ ತೋರುವುದು) ಎನ್ನಬಹುದಾದ ಹೆಸರಿದೆ. ನಿಜವಾದದ್ದು ನಮ್ಮ ಅಳಿವೆಗಳ ಕಾಂಡ್ಲಾ ಗಿಡದ್ದು: ಅಲ್ಲಿ ಬೀಜವೇ ತಾಯಿಮರದಲ್ಲಿ ಮೊಳೆತು ಕೋಲಾಗಿ ಕೆಳಗೆ ಬೀಳುತ್ತದೆ. ಹುಸಿಯದ್ದು ಕತ್ತಾಳೆಯ ದಾರಿ. ಸನ್‌ಡ್ಯೂಗಳಲ್ಲಿ ಇದನ್ನೇ ಬಾಳುವೆಯ ಕ್ರಮವಾಗಿಸಿಕೊಂಡ ಜಾತಿಯೊಂದಿದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಮಳೆಕಾಡಿನ ಡ್ರೊಸೆರಾ ಪ್ರೊಲಿಫೆರಾ ತನ್ನ ಹೂದಂಟನ್ನು ನೆಲಕ್ಕೆ ಚಾಚಿ ತುದಿಯಲ್ಲಿ ಮರಿಗಿಡ ಇಳಿಸುತ್ತದೆ, ಹೆಸರೂ ಅದಕ್ಕೇ ಬಂದದ್ದು. ಕೇಪೆನ್ಸಿಸ್‌ಗೆ ಅದು ವಾಡಿಕೆಯಲ್ಲ, ಆದರೆ ಶಕ್ತಿ ಇದೆ. ಅದರ ಎಲೆ ಕತ್ತರಿಸಿ ಒದ್ದೆ ಪಾಚಿಯ ಮೇಲಿಟ್ಟರೆ ಮರಿ ಏಳುತ್ತದೆ, ಬೇರಿನ ತುಂಡಿನಿಂದ ಏಳುತ್ತದೆ, ಹೂದಂಟಿನ ತುಂಡಿನಿಂದಲೂ ಏಳುತ್ತದೆ. ನನ್ನ ಗಿಡ ಕತ್ತರಿಗೂ ಕಾಯದೆ ಆ ಕೆಲಸ ಮಾಡಿತ್ತು.

ಏಕೆ, ಅದೂ ಆ ಒಂದೇ ದಂಟಿನಲ್ಲಿ? ಮೊದಲು ಅನುಮಾನ ಬಂದದ್ದು ಊಟದ ಮೇಲೆ. ಚಾರ್ಲ್ಸ್ ಡಾರ್ವಿನ್ನನ ಮಗ ಫ್ರಾನ್ಸಿಸ್ 1878ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸನ್‌ಡ್ಯೂಗಳಿಗೆ ಹುರಿದ ಮಾಂಸದ ಚೂರು ತಿನ್ನಿಸಿ, ತಿನ್ನಿಸದವುಗಳ ಜೊತೆ ಹೋಲಿಸಿದ್ದ. ತಿಂದವು ಹೂದಂಟು, ಬೀಜ ಎರಡರಲ್ಲೂ ಮುಂದು. ನನ್ನ ಟ್ರೇಯಲ್ಲೂ ಹಾಗೇ ಆಯಿತು, ಊಟ ಸಿಕ್ಕ ಕುಂಡಗಳಲ್ಲಿ ದಂಟು ಹೆಚ್ಚು. ಆದರೆ ಊಟ ದಂಟಿನ ಲೆಕ್ಕ ಹೆಚ್ಚಿಸುತ್ತದೆ, ಹೂವನ್ನು ಮರಿಯಾಗಿಸುವುದಿಲ್ಲ. ಅಷ್ಟೇ ತಿಂದ ನಾಲ್ಕನೇ ಗಿಡದ ದಂಟುಗಳೆಲ್ಲ ಹೂವನ್ನೇ ಬಿಟ್ಟವು.

ಉಳಿದದ್ದು ಮಳೆ. ಮೊದಲ ಎರಡು ದಂಟು ಬಿಸಿಲಿನಲ್ಲಿ ಬೆಳೆದಿದ್ದವು. ಮೂರನೆಯದು ಸುರುಳಿ ಬಿಚ್ಚುವ ಹೊತ್ತಿಗೆ ಹನ್ನೊಂದು ದಿನ ಸೂರ್ಯ ಕಂಡಿರಲಿಲ್ಲ, ಮೊಗ್ಗುಗಳು ರಾತ್ರಿ ಹಗಲು ಒದ್ದೆ. ಸನ್‌ಡ್ಯೂ ಎಲೆಗೆ ಮಳೆ ಲೆಕ್ಕಕ್ಕೇ ಇಲ್ಲ. ತಂದೆ ಡಾರ್ವಿನ್ 1875ರ ತನ್ನ ಕೀಟಾಹಾರಿ ಸಸ್ಯಗಳ ಪುಸ್ತಕದಲ್ಲಿ ಬರೆದ ಹಾಗೆ, 0.000822 ಮಿಲಿಗ್ರಾಂ ತೂಗುವ ಕೂದಲಿನ ಚೂರಿಗೆ ಬಾಗುವ ರೋಮ ಮಳೆಹನಿಯ ಹೊಡೆತಕ್ಕೆ ಬಾಗುವುದಿಲ್ಲ. ಆದರೆ ಎಲೆಯಾಗಲಿ ದಂಟಾಗಲಿ ದಿನಗಟ್ಟಲೆ ತೇವದಲ್ಲಿದ್ದರೆ ಮರಿ ಮೂಡುವ ಸಂಭವ ಹೆಚ್ಚು, ಎಲೆಯನ್ನು ಒದ್ದೆ ಪಾಚಿಯ ಮೇಲಿಡುವುದೂ ಇದೇ ಕಾರಣಕ್ಕೆ. ನನ್ನ ತೀರ್ಮಾನ ತೇವದ ಕಡೆಗೆ ವಾಲುತ್ತದೆ. ಮುಚ್ಚಿಡಬಾರದ ಮಾತು ಒಂದಿದೆ: ಮೇ ಕೊನೆಯಲ್ಲಿ ಪಕ್ಕದ ಮೆಣಸಿನ ಗಿಡಕ್ಕೆ ಕಡಲಕಳೆಯ ದ್ರಾವಣ ಸಿಂಪಡಿಸಿದ್ದೆ. ಅದರಲ್ಲಿ ಚಿಗುರೊಡೆಸುವ ಸೈಟೊಕೈನಿನ್ ಇರುತ್ತದೆ, ಒಂದೆರಡು ಹನಿ ಗಾಳಿಗೆ ಈ ಕಡೆ ಹಾರಿರಲೂಬಹುದು. ಒಂದೇ ಗಿಡ ಇಟ್ಟುಕೊಂಡು ಎರಡನ್ನೂ ಬೇರ್ಪಡಿಸಲು ಬರುವುದಿಲ್ಲ. ಈ ವರ್ಷ ಮೆಣಸಿನ ಗಿಡವನ್ನು ಅಡುಗೆಮನೆಯ ಕಿಟಕಿಗೆ ಸಾಗಿಸಿದ್ದೇನೆ.

ಮೂರು ಮರಿಗಳ ಪಾಡು

ಜುಲೈ 2ರಂದು ಮೊದಲ ಮರಿಯನ್ನು ದಂಟಿನ ತುಂಡು ಸಮೇತ ಕತ್ತರಿಸಿ, ಮುಚ್ಚಳವಿರುವ ಡಬ್ಬಿಯಲ್ಲಿ ಒದ್ದೆ ಸ್ಫ್ಯಾಗ್ನಮ್ ಪಾಚಿಯ ಮೇಲಿಟ್ಟೆ. ಎರಡನೆಯದನ್ನು ಲೋಟದಲ್ಲಿ ಆರ್‌ಒ ನೀರಿನ ಮೇಲೆ ತೇಲಿಬಿಟ್ಟೆ. ಮೂರನೆಯದನ್ನು ದಂಟಿನಲ್ಲೇ ಉಳಿಸಿದೆ. ಪಾಚಿಯ ಮೇಲಿನದು 19ನೇ ದಿನಕ್ಕೆ ಕಪ್ಪು ನೂಲಿನಂಥ ಬೇರು ತೋರಿಸಿತು. ಲೋಟದ್ದು ಇನ್ನೊಂದು ವಾರ ತಡಮಾಡಿತು, ಮಧ್ಯೆ ಪಾಚಿಗಟ್ಟಿ ನೀರು ಎರಡು ಸಲ ಬದಲಿಸಬೇಕಾಯಿತು. ದಂಟಿನಲ್ಲೇ ಉಳಿದದ್ದು ಆಗಸ್ಟ್ ನಡುವಿನವರೆಗೆ ಚೆನ್ನಾಗಿತ್ತು, ದಂಟು ಬುಡದಿಂದ ಒಣಗುತ್ತ ಬಂದ ಹಾಗೆ ಮುದುರತೊಡಗಿತು. ದಂಟನ್ನು ಬಗ್ಗಿಸಿ, ಹೇರ್‌ಪಿನ್ನಿನಿಂದ ಪಕ್ಕದ ಒದ್ದೆ ಕುಂಡಕ್ಕೆ ಒತ್ತಿ ಸಿಕ್ಕಿಸಿದ ಮೇಲೆ ಎರಡೇ ವಾರಕ್ಕೆ ಬೇರುಬಿಟ್ಟಿತು. ಕ್ವೀನ್ಸ್‌ಲ್ಯಾಂಡಿನ ಅದರ ಬಂಧು ತಾನೇ ಮಾಡುವ ಕೆಲಸವನ್ನು ಇಲ್ಲಿ ಹೇರ್‌ಪಿನ್ ಮಾಡಿತು.

ತಾಯಿಗಿಡ ಸೆಪ್ಟೆಂಬರಿನಲ್ಲಿ ಹೊಸ ದಂಟು ಎತ್ತಿ 17 ಹೂ ಬಿಟ್ಟಿತು, ಹದಿನೇಳೂ ಹೂವೇ. ಫೈಟೊಪ್ಲಾಸ್ಮಾ ಆಗಿದ್ದರೆ ಅದು ಬಿಟ್ಟುಹೋಗುತ್ತಿರಲಿಲ್ಲ, ಮುಂದಿನ ದಂಟುಗಳೂ ಕೆಡುತ್ತಿದ್ದವು. ಒಂದು ಪ್ರಶ್ನೆ ಉಳಿಯಿತು: ಈ ಗುಣ ಮರಿಗಳಿಗೆ ಹೋಗಿದೆಯೇ? ಅದಕ್ಕೆ ಅವು ಹೂಬಿಡುವವರೆಗೆ ಕಾಯಬೇಕು.

ಹೇರ್‌ಪಿನ್ ಮರಿಯನ್ನು ದೀಪಾವಳಿಗೆ ಬಂದಾಗ ಅಮ್ಮ ಕೇಳಿ ಪಡೆದುಕೊಂಡಳು. ಪದವಿನಲ್ಲಿ ನೆಟ್ಟರೆ ನಮ್ಮೂರಿನವುಗಳ ಜೊತೆ ಚೆನ್ನಾಗಿರುತ್ತದಲ್ಲ ಎಂದಳು. ಅದೊಂದು ಬೇಡ ಎಂದೆ. ಕೇಪೆನ್ಸಿಸ್ ಒಂದು ದಂಟಿನಲ್ಲಿ ಉದುರಿಸುವ ಬೀಜ ನೋಡಿದವರಿಗೆ ನ್ಯೂಜಿಲೆಂಡಿನವರು ಇದನ್ನು ಪೀಡೆಗಿಡಗಳ ಪಟ್ಟಿಗೆ ಸೇರಿಸಿ ಮಾರಾಟ ನಿಲ್ಲಿಸಿದ್ದು ಆಶ್ಚರ್ಯವಲ್ಲ. ನಮ್ಮ ಬರ್ಮಾನಿ, ಇಂಡಿಕಾಗಳ ಜಾಗಕ್ಕೆ ಇದು ಬರಬಾರದು. ಕುಂಡದಲ್ಲೇ ಇರಲಿ, ಬಾವಿಕಟ್ಟೆಯ ಹತ್ತಿರ.

ನೀರಿನ ಬಗ್ಗೆ ಉಪದೇಶ ಮಾಡಹೊರಟವಳು ಅರ್ಧಕ್ಕೇ ನಿಲ್ಲಿಸಿದೆ. ಸಂಕ್ರಾಂತಿಗೆ ಊರಿಗೆ ಹೋದಾಗ ಮೀಟರ್ ಒಯ್ದು ನಮ್ಮ ಮುರಕಲ್ಲಿನ ಬಾವಿಯ ನೀರಿಗೆ ಅದ್ದಿದೆ: 38. ನಾನು ದುಡ್ಡು ಕೊಟ್ಟು ಸೋಸುವ ನೀರು ಅಲ್ಲಿ ಕೊಡಪಾನದಲ್ಲಿ ಬರುತ್ತದೆ. ಅಮ್ಮನ ಗಿಡ ನನ್ನ ಎರಡಕ್ಕಿಂತ ಒಂದೂವರೆ ಪಟ್ಟು ದೊಡ್ಡದಿತ್ತು.

ನನ್ನ ಪಾಚಿಯ ಮರಿ ಮಾರ್ಚ್ 6ರಂದು ಮೊದಲ ಹೂ ಬಿಟ್ಟಿತು, ಮಾಮೂಲಿ ನಸುಗೆಂಪು ಹೂ. ಲೋಟದ್ದಕ್ಕೆ ಇನ್ನೂ ದಂಟು ಬಂದಿಲ್ಲ. ಅದೇ ವಾರ ಅಮ್ಮನ ಫೋನ್ ಬಂತು, ತನ್ನದೂ ದಂಟು ಎತ್ತಿದೆ, ಸುರುಳಿ ಬಿಚ್ಚುತ್ತಿದೆ ಎಂದು. ಮರಿಯೋ ಹೂವೋ, ಸರಿಯಾಗಿ ನೋಡು, ಬರೆದಿಟ್ಟುಕೊಳ್ಳಬೇಕು ಎಂದೆ. ನಾಲ್ಕು ದಿನ ಬಿಟ್ಟು ಫೋನ್ ಮಾಡಿದಳು.

"ಹೂವೇ ಮಾರಾಯ್ತಿ. ಆದ್ರೆ ಅಡುಗೆ ಮುಗಿಸಿ ಬರುವಷ್ಟರಲ್ಲಿ ಮುಚ್ಚಿಕೊಂಡಾಗಿರ್ತದೆ. ನಾಳೆ ಗಂಜಿ ಮಾಡಿ ಬೇಗ ಬರ್ತೇನೆ."